ಚಳಿಗಾಲದ ಹಿತ್ತಲು

ಭದ್ರಾ ನಾಲೆಯ ನೀರುಣ್ಣುವ ಹರಿಹರ ತಾಲ್ಲೂಕಿನ ಹೊಲಗಳನ್ನು ಬಹುಪಾಲು ಭತ್ತವೇ ಆವರಿಸಿರುವುದರಿಂದ, ಕಡರನಾಯಕನಹಳ್ಳಿಯಂಥ ಊರುಗಳಲ್ಲಿ ಮನೆಬಳಕೆಯ ಸೊಪ್ಪು-ತರಕಾರಿಗೆ ಹಿತ್ತಲೇ ತಕ್ಕ ನೆಲ. ಕಾರ್ತಿಕದಿಂದ ಮಾಘದವರೆಗಿನ ತಂಪಿನಲ್ಲಿ ಅದಕ್ಕೆ ಬರುವ ಸೊಬಗು ಬೇರೆ ಋತುವಿನಲ್ಲಿ ಕಾಣದು.

ಈ ಬೇಸಾಯದ ಕುಶಲತೆ ಕೊತ್ತಂಬರಿಯ ಬಿತ್ತನೆಯಲ್ಲಿ ಎದ್ದು ಕಾಣುತ್ತದೆ. ಬೀಜವೆಂದು ಕರೆಯುವ ದುಂಡುಕಾಳು ವಾಸ್ತವವಾಗಿ ಎರಡು ಬೀಜಗಳನ್ನು ಒಳಗಿಟ್ಟುಕೊಂಡ ಒಣಹಣ್ಣಾದ ಕಾರಣ, ಅದನ್ನು ಪುಡಿಯಾಗದಂತೆ ಹಗುರವಾಗಿ ಉಜ್ಜಿ ಹೋಳಾಗಿಸಿ, ರಾತ್ರಿಯಿಡೀ ನೆನೆಸಿ, ತೆಳುವಾಗಿ ಮಣ್ಣು ಮುಚ್ಚುತ್ತಾರೆ. ಮೆಂತ್ಯ ಮೂರ್ನಾಲ್ಕು ದಿನಗಳಲ್ಲೇ ಮೊಳೆತರೆ ಕೊತ್ತಂಬರಿಗೆ 8ರಿಂದ 12 ದಿನ ಬೇಕಾಗುವುದರಿಂದ, ಅಲ್ಲಿಯವರೆಗೆ ಮೇಲ್ಮಣ್ಣು ಒಣಗಿ ಹೆಪ್ಪುಗಟ್ಟದಂತೆ ನೀರು ಚಿಮುಕಿಸುತ್ತಿರಬೇಕು. ಮೂಲಂಗಿಯನ್ನು ಮಾತ್ರ ಎಳೆಯದಾಗಿರುವಾಗಲೇ ಕೀಳಬೇಕು. ತಡವಾದರೆ ಗೆಡ್ಡೆ ಬೆಂಡಾಗುತ್ತದೆ.

ಹೂಕೋಸು ಹೆಚ್ಚು ಎಚ್ಚರ ಬೇಡುವ ಬೆಳೆ. ಹೆಚ್ಚು ಚಳಿ ಬಯಸುವ ತಳಿಗಳು ಇಲ್ಲಿನ ಮೃದುವಾದ ಚಳಿಯಲ್ಲಿ ಎಲೆಯನ್ನಷ್ಟೇ ಬಿಟ್ಟು ಹೂಗೆಡ್ಡೆ ಕಟ್ಟದೆ ಉಳಿಯಬಹುದಾದ್ದರಿಂದ, ಬೇಗ ಬರುವ ದೇಶೀ ತಳಿಯೇ ಮೇಲು. ನಾಟಿ ಅವರೆಯದು ಬೇರೆಯೇ ಲೆಕ್ಕ: ಹಗಲು ಕಿರಿದಾದಾಗ ಮಾತ್ರ ಹೂಬಿಡುವ ಅದರ ಗುಣವನ್ನು ‘ಹ್ರಸ್ವದಿನ ಸ್ವಭಾವ’ ಎನ್ನುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆ-3 ಮತ್ತು 4 ತಳಿಗಳು ಆ ಕಟ್ಟಿನಿಂದ ಬಿಡಿಸಿಕೊಂಡು ವರ್ಷವಿಡೀ ಕಾಯಿ ಕೊಡುತ್ತವೆ. ಆದರೂ ಸೊಗಡಿಗೆ ಚಳಿಗಾಲದ ಅವರೆಯೇ ಸರಿ. ಜೋಳದ ರೊಟ್ಟಿಯೊಡನೆ ಹಸಿಯಾಗಿ ತಿನ್ನುವ ಹಕ್ಕರಿಕೆ, ಎಳೆ ಮೆಂತ್ಯಗಳ ವಿಷಯದಲ್ಲಂತೂ ಆಗತಾನೆ ಕಿತ್ತ ಹಿತ್ತಲಿನ ಸೊಪ್ಪಿನ ರುಚಿ ಸಂತೆಯ ಕಟ್ಟಿನಲ್ಲಿ ಸಿಗುವುದಿಲ್ಲ.