ಕುಸುಬೆಯ ಕೆಂಪು

ಜಪಾನಿ ಮರದಚ್ಚಿನ ಚಿತ್ರಗಳ ಚೆಲುವೆಲ್ಲ ಮಾಸಲು ಬಣ್ಣದಲ್ಲಿದೆ, ಅದೇ ಅವರ ಸಂಯಮ ಎನ್ನುವ ಪಂಥದವರು ಮತ್ತೆ ತಲೆಯೆತ್ತಿದ್ದಾರೆ. ಅವರಿಗೆ ಉತ್ತರ ಕೊಡದೆ ಮುಂದೆ ಹೋಗಲಾರೆ.

ಅದು ಸಂಯಮವಲ್ಲ, ಬಿಸಿಲು. 1770ರ ದಶಕದಲ್ಲಿ ಚಿತ್ರಕಾರ ಇಸೋಡಾ ಕೊರ್ಯೂಸಾಯಿ ಶುರುಮಾಡಿದ ‘ಹಿನಗಾತ ವಕನ ನೋ ಹತ್ಸುಮೊಯೋ’ ಮಾಲಿಕೆಯನ್ನೇ ನೋಡಿ. ನೂರಕ್ಕೂ ಹೆಚ್ಚು ಚಿತ್ರಗಳು. ಹೆಸರಾಂತ ಗಣಿಕೆ, ಅವಳಿದ್ದ ಮನೆಯ ಹೆಸರು, ಜೊತೆಗೆ ಅವಳ ಸೇವೆಗಿದ್ದ ಕಮುರೊ ಹುಡುಗಿಯರು. ಹೊಸವರ್ಷದ ಹೊಸ ನಮೂನೆಗಳನ್ನು ಎದೋ ಪಟ್ಟಣಕ್ಕೆ ತೋರಿಸಲೆಂದೇ ಹೊರಟವು ಇವು. ಮುಖಗಳು ಹೆಚ್ಚುಕಡಿಮೆ ಒಂದೇ. ಕೊರ್ಯೂಸಾಯಿಯ ಕಣ್ಣೆಲ್ಲ ಬಟ್ಟೆಯ ಮೇಲೆ. ಚಿತ್ರಕಾರ ಉತಮಾರೋನ ಮುಖಗಳಿಗೆ ಮರುಳಾದವರು ಇವನನ್ನು ಕಡೆಗಣಿಸಿದ್ದು ಅನ್ಯಾಯ. ಬೀದಿಯವರ ಕಣ್ಣು ಸೆಳೆಯಬೇಕಾದ ಉಡುಪನ್ನು ಯಾರಾದರೂ ಮಾಸಲು ಬಣ್ಣದಲ್ಲಿ ಅಚ್ಚುಹಾಕುತ್ತಾರೆಯೇ?

ಆ ಕಾಲದ ಚಿತ್ರಗಳ ಗುಲಾಬಿ, ಕೆಂಪು ಬಹುಪಾಲು ಬೆನಿಯದು. ಬೆನಿ ಬರುವುದು ನಮ್ಮ ಕುಸುಬೆ ಹೂವಿನಿಂದ. ನಾನಿರುವ ವಿದರ್ಭದ ಬುಟಿಬೋರಿ ಪಾಲಿಯೆಸ್ಟರ್ ನೂಲಿಗೆ ಹೆಸರಾದ ಊರು, ನಿಜ. ಆದರೆ ಇಲ್ಲಿನ ರೈತರಿಗೆ ಕುಸುಬೆ, ಅವರ ಮಾತಿನ ಕರಡೈ, ಹೊಸದಲ್ಲ. ಅಣ್ಣಿಗೇರಿಯ ಎ-1 ತಳಿ ಬಿತ್ತಿದ ನಮ್ಮವರಿಗಂತೂ ಅಲ್ಲವೇ ಅಲ್ಲ. ನಾವು ಬೀಜವನ್ನು ಗಾಣಕ್ಕೆ ಹಾಕುತ್ತೇವೆ, ದನ ನುಗ್ಗದಿರಲೆಂದು ಜೋಳದ ಹೊಲದ ಅಂಚಿಗೆ ಸಾಲು ಬಿಡುತ್ತೇವೆ. ಜಪಾನಿನ ಮೊಗಾಮಿ ಸೀಮೆಯವರು ಬೆಳೆದದ್ದು ಎಸಳಿಗಾಗಿ. ಮುಳ್ಳು ಇಬ್ಬನಿಗೆ ನೆನೆದು ಮೆತ್ತಗಿರುವಾಗ, ನಸುಕಿನಲ್ಲೇ ಬಿಡಿಸಬೇಕು. ಎಸಳನ್ನು ತೊಳೆದರೆ ಹಳದಿ ಹರಿದುಹೋಗುತ್ತದೆ. ಉಳಿದ ಕೆಂಪನ್ನು ಬೂದಿಯ ತಿಳಿನೀರಿಗೆ ಇಳಿಸಿ, ಹುಳಿ ಬೆರೆಸಿ ಗಟ್ಟಿಗೊಳಿಸಬೇಕು. ನೂರು ಪಾಲು ಎಸಳಿಗೆ ಒಂದು ಪಾಲೂ ಕೆಂಪು ಸಿಗದು.

ಗಣಿಕೆಯ ತುಟಿಗೂ ಇದೇ ಬೆನಿ. ಕೆಳತುಟಿಗೆ ದಪ್ಪವಾಗಿ ಮೆತ್ತಿದರೆ ಕೆಂಪು ಅಡಗಿ, ಜೀರ್ಜಿಂಬೆಯ ಬೆನ್ನಿನ ಹಸಿರು ಮಿನುಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಗೀಳು ಊರೆಲ್ಲ ಹಬ್ಬಿತ್ತು. ಚಿತ್ರಕಾರ ಕೇಸಾಯಿ ಏಸೆನ್ ಬರೆದ ಹೆಂಗಸರ ಹಸಿರು ತುಟಿ ಅದಕ್ಕೆ ಸಾಕ್ಷಿ. ಅಷ್ಟು ಬೆನಿ ಕೊಳ್ಳಲಾಗದವರು ಮೊದಲು ಮಸಿ ಬಳಿದು, ಮೇಲೆ ತೆಳ್ಳಗೆ ಬೆನಿ ಸವರಿ ಅದೇ ಹೊಳಪು ತಂದುಕೊಂಡರು. ಮೇಲ್ದರ್ಜೆಯ ಗಣಿಕೆಯಾದ ಓಯಿರಾನ್‌ಗೆ ಅಂಥ ಉಳಿತಾಯ ಸಲ್ಲುತ್ತಿರಲಿಲ್ಲ. ಅವಳ ಉಡುಪು, ಕಮುರೊಗಳ ಉಡುಪು ಎಲ್ಲವೂ ಅವಳ ಲೆಕ್ಕಕ್ಕೇ. ಸಾಲಕ್ಕೆ ಕಟ್ಟುಬಿದ್ದು ಬಂದವಳ ಸಾಲ ಹೊಸ ನಮೂನೆ ಬಂದಾಗಲೆಲ್ಲ ಬೆಳೆಯುತ್ತಿತ್ತು. ಕೊರ್ಯೂಸಾಯಿಯ ಜರತಾರಿ ಅಂಚುಗಳನ್ನು ನೋಡುವಾಗೆಲ್ಲ ನನಗೆ ಆ ಲೆಕ್ಕದ ಪುಸ್ತಕ ನೆನಪಾಗುತ್ತದೆ.

ಬೆನಿ ಬೆಳಕಿಗೆ ತಾಳದು. ಅದಕ್ಕೆ ಹೂವಿನ ನೀಲಿ ಬೆರೆಸಿ ಮಾಡಿದ ನೇರಳೆಯಂತೂ ಬೇಗ ಕಂದಾಗುತ್ತದೆ. ಚಿತ್ರಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿ, ಮಾಸಿದ ಮೇಲೆ ಅದನ್ನೇ ಅಭಿರುಚಿಯೆಂದು ಹೊಗಳಿದ್ದು ಸಂಗ್ರಾಹಕರು. ಆದರೆ ಸಂಗ್ರಾಹಕರೇ ಆದ ಸ್ಪಾಲ್ಡಿಂಗ್ ಸೋದರರು 1921ರಲ್ಲಿ ಬಾಸ್ಟನ್‌ನ ಲಲಿತಕಲಾ ಸಂಗ್ರಹಾಲಯಕ್ಕೆ ಸುಮಾರು 6,500 ಚಿತ್ರಗಳನ್ನು ಕೊಟ್ಟಾಗ, ಎಂದೂ ಪ್ರದರ್ಶನಕ್ಕಿಡಕೂಡದೆಂದು ಷರತ್ತು ಹಾಕಿದರು. ಜಿಪುಣತನ ಅನ್ನಿಸೀತು. ಆದರೆ ಅಲ್ಲಿ ನೇರಳೆ ಇನ್ನೂ ನೇರಳೆಯಾಗಿಯೇ ಇದೆ. ಅವುಗಳ ಡಿಜಿಟಲ್ ಪ್ರತಿಗಳನ್ನು ಈಗ ಮನೆಯಲ್ಲೇ ಕೂತು ನೋಡಬಹುದು. ಮಾಸಲು ಪಂಥದವರು ಮೊದಲು ಅವನ್ನು ನೋಡಲಿ, ಆಮೇಲೆ ವಾದಕ್ಕೆ ಬರಲಿ.