ಊರ ಹೆಸರುಗಳೂ ಸ್ವಯಂಪರೀಕ್ಷಾ ಸಾಧನಗಳೂ

ಮೈಕ್ರೋಸಾಫ್ಟ್ ಸಂಸ್ಥೆಯು 2020ರಲ್ಲಿ ಹೊರತಂದ ಪ್ಲೇರೈಟ್ ಎಂಬ ತಂತ್ರಾಂಶ ಪರೀಕ್ಷಾ ಸಾಧನವು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ ಆಗಿದೆ. ಮನುಷ್ಯನು ಬ್ರೌಸರಿನ ಮುಂದೆ ಕುಳಿತು ಮಾಡತಕ್ಕ ಕೆಲಸಗಳನ್ನು ತಾನೇ ಮಾಡಿ, ಕಂಡದ್ದು ನಿರೀಕ್ಷಿಸಿದ್ದಕ್ಕೆ ಸಮನಾಗಿದೆಯೆ ಇಲ್ಲವೆ ಎಂದು ತಿಳಿಸುವುದು ಅದರ ಕಾರ್ಯ. 2025ರಲ್ಲಿ ಬಂದ ಅದರ 1.56ನೆಯ ಆವೃತ್ತಿಯಲ್ಲಿ ಭಾಷಾಮಾದರಿಗಳ ನೆರವಿನಿಂದ ದುಡಿಯುವ ಮೂರು ಏಜೆಂಟುಗಳು ಸೇರಿವೆ: ಪರೀಕ್ಷೆಯನ್ನು ಯೋಜಿಸುವ ಪ್ಲಾನರ್, ಅದನ್ನು ಬರೆಯುವ ಜನರೇಟರ್, ಸೋತ ಪರೀಕ್ಷೆಯನ್ನು ಸರಿಪಡಿಸುವ ಹೀಲರ್. ಮೊದಲ ಎರಡು ಶ್ರಮವನ್ನು ಉಳಿಸುತ್ತವೆ. ಅವುಗಳ ವಿಚಾರದಲ್ಲಿ ತಕರಾರಿಲ್ಲ. ಮೂರನೆಯದನ್ನು ಮಾತ್ರ ನಮ್ಮ ನೆಲದ ಒಂದು ಉದಾಹರಣೆಯಿಂದ ಪರಿಶೀಲಿಸುವುದು ಅಗತ್ಯವೆಂದು ತೋರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದುವು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಜಿಲ್ಲಾಕೇಂದ್ರವು ರಾಮನಗರವಾಗಿಯೇ ಉಳಿಯಿತು, ತಾಲ್ಲೂಕಿನ ಹೆಸರೂ ಹಾಗೆಯೇ ಉಳಿಯಿತು. ಇತ್ತ ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣವೆಂಬ ತಾಲ್ಲೂಕು ಮೊದಲಿನಿಂದಲೂ ಇದೆ. (ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಉಂಟು, ಅದನ್ನು ಸದ್ಯಕ್ಕೆ ಬಿಡೋಣ.) ಕ್ಲೋಸ್‌ಪೇಟೆಯೆಂದು ಕರೆಸಿಕೊಂಡಿದ್ದ ಊರಿಗೆ ಹೆಸರಿನ ಬದಲಾವಣೆ ಹೊಸತಲ್ಲ, ಯಂತ್ರಕ್ಕೆ ಅದು ಹೊಸತು.

ಜಿಲ್ಲೆಯನ್ನೂ ತಾಲ್ಲೂಕನ್ನೂ ಹುಡುಕಿ ಪಹಣಿ ಕೇಳುವ ಪುಟವೊಂದನ್ನು ಭಾವಿಸಿಕೊಳ್ಳಬಹುದು. ರಾಮನಗರ ಜಿಲ್ಲೆ ಎಂಬ ಸಾಲು ಕಾಣಬೇಕೆಂದು ಹಳೆಯ ಪರೀಕ್ಷೆ ಹೇಳುತ್ತದೆ, ಸಾಲು ಮಾಯವಾಗಿದೆ, ಪರೀಕ್ಷೆ ಸೋಲುತ್ತದೆ. ಹೀಲರ್ ತೆರೆಯನ್ನು ಓದಿ ಹೊಸ ಹೆಸರನ್ನು ಪರೀಕ್ಷೆಯೊಳಗೆ ಬರೆಯಬಹುದು. ಇಷ್ಟರಮಟ್ಟಿಗೆ ಉಪಕಾರವೇ ಸರಿ. ಆದರೆ ಈಗ ಬೆಂಗಳೂರು ದಕ್ಷಿಣ ಎಂಬ ಪಠ್ಯವು ಪುಟದಲ್ಲಿ ಎರಡು ಕಡೆ ಸಿಕ್ಕುತ್ತದೆ, ಒಂದು ಜಿಲ್ಲೆ, ಇನ್ನೊಂದು ತಾಲ್ಲೂಕು. ಒಂದಕ್ಕಿಂತ ಹೆಚ್ಚು ಅಂಶ ಹೊಂದಿದಾಗ ಕ್ರಿಯೆಯನ್ನು ತಡೆದು ದೋಷವೆನ್ನುವುದು ಪ್ಲೇರೈಟಿನ ಶ್ಲಾಘ್ಯವಾದ ಕಟ್ಟುನಿಟ್ಟು. ಆ ದೋಷವನ್ನು ಮರೆಮಾಡಲು ಅತಿ ಸುಲಭವಾದ ದಾರಿಯೆಂದರೆ ಮೊದಲು ಸಿಕ್ಕಿದ್ದನ್ನೇ ಹಿಡಿಯುವುದು. ಈ ದಾರಿಯನ್ನು ಸಾಧನದ ಸ್ವಂತ ಕೈಪಿಡಿಯೇ ಹಿತವಲ್ಲವೆನ್ನುತ್ತದೆ. ದುರಸ್ತಿಗೆ ಹೊರಟ ಏಜೆಂಟು ಅದನ್ನು ಹಿಡಿಯಲಾರದೆಂಬ ಭರವಸೆ ಮಾತ್ರ ಇಲ್ಲ. ಪರೀಕ್ಷೆ ಗೆಲ್ಲುತ್ತದೆ, ಮಾಗಡಿಯ ರೈತನ ಜಮೀನನ್ನು ಬೇರೆ ಜಿಲ್ಲೆಯ ತಾಲ್ಲೂಕಿನಲ್ಲಿ ಹುಡುಕಿದಂತಾಗುತ್ತದೆ.

ಕಾರ್ಯಕ್ರಮವೇ ಕೆಟ್ಟಿದೆಯೆಂದು ತೋರಿದರೆ ಹೀಲರ್ ಪರೀಕ್ಷೆಯನ್ನು ಬದಿಗಿರಿಸುತ್ತದೆ. ಈ ವಿವೇಕವನ್ನು ಮೆಚ್ಚತಕ್ಕದ್ದೇ. ಆದರೆ ಕೆಟ್ಟಿದೆಯೋ ಬದಲಾಗಿದೆಯೋ ಎಂಬುದಕ್ಕೆ ಅದರ ಮುಂದಿರುವ ಮುಖ್ಯ ಸಾಕ್ಷಿ ಆ ತೆರೆಯೇ. ಪರೀಕ್ಷಿಸಬೇಕಾದ ವಸ್ತುವೇ ಪರೀಕ್ಷೆಯ ಪ್ರಮಾಣವೂ ಆದರೆ ತೀರ್ಪಿಗೆ ಬೆಲೆಯೇನು? ಹೆಸರು ಬದಲಾದುದು ಸರ್ಕಾರದ ಅಧಿಸೂಚನೆಯಿಂದ. ಅದು ಪುಟದೊಳಗೆ ಇರುವುದಿಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶದಲ್ಲಿ ಪ್ರತಿ ಜಿಲ್ಲೆಗೂ ತಾಲ್ಲೂಕಿಗೂ ಪ್ರತ್ಯೇಕ ಸಂಕೇತಸಂಖ್ಯೆಗಳಿವೆ. ನಿರೀಕ್ಷಿತ ಮೌಲ್ಯವನ್ನು ಆ ಸಂಖ್ಯೆಯಿಂದ ಪಡೆದು, ಅದನ್ನು ಹೀಲರಿನ ಕೈಗೆ ಸಿಗದಂತೆ ಇರಿಸುವುದೇ ನಮಗೆ ಯುಕ್ತವೆಂದು ತೋರುತ್ತದೆ.

ಕನ್ನಡ ಲಿಪಿಯಲ್ಲಿ ಇನ್ನೊಂದು ತೊಡಕೂ ಉಂಟು. ಕನಕಪುರದಿಂದ ಬೇರ್ಪಟ್ಟ ಹಾರೋಹಳ್ಳಿ ತಾಲ್ಲೂಕಿನ ಹೆಸರು ಓದುವವನಿಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಸಾಮಾನ್ಯವಾಗಿ ಒಂಬತ್ತು ಸಂಕೇತಬಿಂದು. ಓಕಾರದ ಚಿಹ್ನೆಯನ್ನು ಅದರ ಮೂರು ಘಟಕಗಳಾಗಿ ಬಿಡಿಸಿ ಬರೆದರೆ ಹನ್ನೊಂದು. ಕಣ್ಣಿಗೆ ಎರಡೂ ಒಂದೇ. ಜಾವಾಸ್ಕ್ರಿಪ್ಟಿನ ಸಮತ್ವಚಿಹ್ನೆಗೆ ಎರಡೂ ಬೇರೆ. 2015ರ ಭಾಷಾಮಾನದಿಂದ ಈಚೆಗೆ ಇವನ್ನು ಏಕರೂಪಗೊಳಿಸುವ ವಿಧಾನವು ಆ ಭಾಷೆಯಲ್ಲೇ ಲಭ್ಯವಾದರೂ, ಪರೀಕ್ಷೆ ಬರೆಯುವವನು ಅದನ್ನು ಕರೆಯಬೇಕು. ಚನ್ನಪಟ್ಟಣ, ಮಾಗಡಿ ಎಂಬ ಹೆಸರುಗಳಲ್ಲಿ ಹೀಗೆ ಒಡೆಯುವ ಸ್ವರಚಿಹ್ನೆ ಇಲ್ಲದುದರಿಂದ ಅವುಗಳ ಮೇಲೆ ಮಾತ್ರ ಪರೀಕ್ಷಿಸಿದವನಿಗೆ ಈ ದೋಷ ಕಾಣುವುದೇ ಇಲ್ಲ. ಆದುದರಿಂದ ಪರೀಕ್ಷಾಸಾಮಗ್ರಿಯಲ್ಲಿ ಹಾರೋಹಳ್ಳಿಯೂ ಕೆಂಪೇಗೌಡನೂ, ಎರಡೆರಡು ರೂಪಗಳಲ್ಲಿ, ಇರತಕ್ಕದ್ದು.