ಬೆಂಕಿಯ ಮುಂದೆ ಕಾದು ಕುಳಿತ ಹೈಡಿ

ಆಲ್ಪ್ಸ್ ಬೆಟ್ಟದ ಅಜ್ಜನ ಮನೆ ಸೇರಿದ ಅನಾಥ ಬಾಲೆ ಹೈಡಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಯೊಹಾನ್ನಾ ಸ್ಪೀರಿಯವರ ಕಾದಂಬರಿಯನ್ನು ಆಧರಿಸಿ ಇಸಾವೊ ತಕಾಹತಾ 1974ರಲ್ಲಿ ನಿರ್ದೇಶಿಸಿದ 52 ಕಂತುಗಳ ಜಪಾನೀ ಅನಿಮೇಷನ್ ಸರಣಿಯನ್ನು ಬಾಲ್ಯದಲ್ಲಿ ಕಂಡವರು ಜಪಾನಿನಲ್ಲೂ ಯೂರೋಪಿನಲ್ಲೂ ಇಂದಿಗೂ ನೆನೆಯುತ್ತಾರೆ. ಅದರಲ್ಲಿ ಬೆಂಕಿಯೆದುರು ಚೀಸ್ ಮೆಲ್ಲನೆ ಕರಗುತ್ತದೆ. ಹೈಡಿ ಕಾಯುತ್ತಾಳೆ, ನಾವೂ ಕಾಯುತ್ತೇವೆ. ಆ ನಿಧಾನವೇ ಕೃತಿಯ ಜೀವಾಳ. ಮುಂದೆ ಫ್ರಾಂಕ್‌ಫರ್ಟ್ ನಗರದಲ್ಲಿ ಅವಳು ಬೆಟ್ಟಕ್ಕಾಗಿ ಹಂಬಲಿಸಿ ನಿದ್ದೆಯಲ್ಲಿ ನಡೆದಾಡುವಾಗ, ಕಳೆದುಕೊಂಡದ್ದು ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

2015ರಲ್ಲಿ ಸ್ಟುಡಿಯೊ 100 ಸಂಸ್ಥೆ ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದ ಸರಣಿಯ ಬೆಟ್ಟಗಳು ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಅಲ್ಲಿನ ಹೈಡಿಗೆ ಸುಮ್ಮನೆ ಕುಳಿತಿರಲು ಬಿಡುವಿಲ್ಲ. ಮಕ್ಕಳೊಡನೆ ನೋಡುವುದಾದರೆ ಹಳೆಯದನ್ನೇ ಮೊದಲು ನೋಡಿರಿ. ಒಂದೆರಡು ಕಂತು ಅವರು ಚಡಪಡಿಸಿಯಾರು. ನೀವು ಮಾತ್ರ ಎದ್ದುಹೋಗಬೇಡಿರಿ.